ಲೆಕ್ಕ ಕೇಳಬೇಕಾಗದ ಜನರು

ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ
ವಾಕ್ಯಭಾಗ: 2 ಅರಸುಗಳು 12:4–15; ಲೂಕ 3:10–14

ಎಲ್ಲರೂ ಸೇರಿ ಒಂದ್ಸಲ ಹಲ್ಲೆಲೂಯಾ ಹೇಳೋಣ. ಇನ್ನೂ ಸ್ವಲ್ಪ ಜೋರಾಗಿ, ಬೆಳಗ್ಗೆ ಟ್ರಾಫಿಕ್‌ನಲ್ಲಿ ಹಾರ್ನ್ ಹೊಡೆದಷ್ಟು ಜೋರಾಗಿ ಹೇಳೋಣ. ಹಲ್ಲೆಲೂಯಾ! ಕೂತ್ಕೊಳ್ಳಿ. ಬೈಬಲ್ ತಂದವರು ತೆಗೀರಿ, ಮೊಬೈಲ್‌ನಲ್ಲಿ ನೋಡೋರು ನೋಟಿಫಿಕೇಶನ್ ಆಫ್ ಮಾಡಿ ತೆಗೀರಿ. ಅರಸುಗಳ ಎರಡನೆಯ ಪುಸ್ತಕ, ಹನ್ನೆರಡನೆಯ ಅಧ್ಯಾಯ.

ಇವತ್ತಿನ ವಿಷಯ ರಿಪೇರಿ ಮತ್ತು ಬಿಲ್. ನಗ್ತಾ ಇದ್ದೀರಿ! ಬೈಬಲ್‌ನಲ್ಲಿ ರಿಪೇರಿ ಬಿಲ್ ಎಲ್ಲಿದೆ ಪಾಸ್ಟರ್ ಅಂತ ಕೇಳ್ತೀರಿ. ಈ ಅಧ್ಯಾಯದಲ್ಲಿ ಹೆಚ್ಚುಕಮ್ಮಿ ಅದೇ ಇದೆ. ಬಡಗಿಗಳು, ಗೋಡೆ ಕಟ್ಟೋರು, ಕಲ್ಲುಕುಟಿಗರು, ಮರ, ಕೆತ್ತಿದ ಕಲ್ಲು, ಕೂಲಿ, ಹಣದ ಚೀಲ ಎಲ್ಲ ಇದೆ. ಪವಿತ್ರಾತ್ಮನು ಇದನ್ನೆಲ್ಲ ಬರೆಸಿಟ್ಟಿದ್ದಾನೆ ಅಂದ್ರೆ, ನಮ್ಮ ರಿಪೇರಿ ಹಣದಲ್ಲೂ ದೇವರಿಗೆ ಆಸಕ್ತಿ ಇದೆ ಅಂತ ಅರ್ಥ.

ಮೊದಲು ಹಿನ್ನೆಲೆ ತಿಳ್ಕೊಳ್ಳೋಣ. ಯೆಹೋವಾಷ ಏಳು ವರ್ಷದ ಹುಡುಗನಾಗಿದ್ದಾಗಲೇ ಅರಸನಾದ. ಅದಕ್ಕಿಂತ ಮುಂಚೆ ಆರು ವರ್ಷ ಅವನನ್ನ ಬಚ್ಚಿಟ್ಟಿದ್ದು ಎಲ್ಲಿ? ದೇವಾಲಯದಲ್ಲಿ. ಅಜ್ಜಿ ಅತಲ್ಯಳು ರಾಜವಂಶದವರನ್ನೆಲ್ಲ ಕೊಲ್ಲಿಸಿದಾಗ ಈ ಮಗುವಿನ ಜೀವ ಉಳಿದದ್ದು ಆ ಗೋಡೆಗಳ ಒಳಗೆ. ಆಮೇಲೆ ಅವನು ಅರಸನಾಗಿ ಸುತ್ತ ನೋಡ್ತಾನೆ, ತನ್ನನ್ನ ಕಾಪಾಡಿದ ಗೋಡೆಗಳೇ ಬಿರುಕು ಬಿಟ್ಟಿವೆ. ಯಾಜಕರನ್ನ ಕರೆದು ಹೇಳ್ತಾನೆ: ಜನ ತರೋ ಹಣ ತಗೊಳ್ಳಿ, ಆಲಯ ದುರಸ್ತಿ ಮಾಡಿ.

ಆಮೇಲೆ ಏನಾಯ್ತು? ಆರನೆಯ ವಚನ ನೋಡಿ. ಅವನ ಆಳಿಕೆಯ ಇಪ್ಪತ್ತಮೂರನೆಯ ವರ್ಷ ಬಂದರೂ ದುರಸ್ತಿ ಆಗಿಲ್ಲ! ಯಾಜಕರು ಹಣ ಕದ್ದರು ಅಂತ ಬೈಬಲ್ ಹೇಳೋದಿಲ್ಲ, ನಾವೂ ಹೇಳೋದು ಬೇಡ. ಹಣ ಬರ್ತಿತ್ತು, ಹೋಗ್ತಿತ್ತು, ಬಿರುಕು ಮಾತ್ರ ಹಾಗೇ ಇತ್ತು. ನಮ್ಮಲ್ಲಿ ಎಷ್ಟೋ ಜನರ ಸಂಬಳದ ಕಥೆ ಇದೇ ತಾನೆ? ಒಂದನೇ ತಾರೀಖು ಬರುತ್ತೆ, ಹತ್ತನೇ ತಾರೀಖು ಎಲ್ಲಿ ಹೋಯ್ತು ಅಂತ ಗೊತ್ತಿಲ್ಲ. ಆಮೆನ್ ಹೇಳೋಕೆ ಸಂಕೋಚ ಆದ್ರೆ ತಲೆ ಅಲ್ಲಾಡಿಸಿ, ಸಾಕು.

ಆಗ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆ ತಗೊಂಡು, ಮುಚ್ಚಳದಲ್ಲಿ ತೂತು ಕೊರೆದು, ಯಜ್ಞವೇದಿಯ ಬಲಗಡೆ ಇಟ್ಟ. ಪೆಟ್ಟಿಗೆ ತುಂಬಿದಾಗ ಹಣ ಎಣಿಸೋಕೆ ಇಬ್ಬರು ಬರ್ತಾರೆ: ಅರಮನೆಯಿಂದ ಅರಸನ ಲೇಖಕ, ಆಲಯದಿಂದ ಮಹಾಯಾಜಕ. ಒಬ್ಬರೇ ಎಣಿಸಲಿಲ್ಲ, ಗಮನಿಸಿ. ಆಮೇಲೆ ಹಣ ಮೇಸ್ತ್ರಿಗಳ ಕೈಗೆ ಹೋಗುತ್ತೆ, ಅವರು ಕೆಲಸದವರಿಗೆ ಕೊಡ್ತಾರೆ. ಕೊನೆಗೆ ಹದಿನೈದನೆಯ ವಚನ. ಹಣ ಹಂಚಿದ ಆ ಮೇಸ್ತ್ರಿಗಳ ಹತ್ತಿರ ಯಾರೂ ಲೆಕ್ಕ ಕೇಳಲಿಲ್ಲ. ಯಾಕೆ? ಅವರು ನಂಬಿಗಸ್ತರಾಗಿದ್ದರು.

ನಾನು ಈ ವಚನವನ್ನ ಎಷ್ಟೋ ಸಲ ಓದಿದ್ದೆ. ಹೋದ ತಿಂಗಳು ಒಂದು ಬಿಲ್ ಕೈಗೆ ಬಂದಾಗ ಇದು ನನ್ನ ಮುಂದೆ ಬಂದು ನಿಂತ್ಕೊಳ್ತು.

ನನ್ನ ಹತ್ತಿರ ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರ್ ಇದೆ. ಸರ್ವೀಸ್‌ಗೆ ಬಿಟ್ಟೆ. ಯಾವ ಗ್ಯಾರೇಜ್ ಅಂತ ಹೇಳೋದಿಲ್ಲ, ಅದು ಮುಖ್ಯ ಅಲ್ಲ. ಎಸ್ಟಿಮೇಟ್ 8,600 ರೂಪಾಯಿ: ಎಂಜಿನ್ ಆಯಿಲ್, ಫಿಲ್ಟರ್, ಲೇಬರ್ ಸೇರಿ 7,200, ವೀಲ್ ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ 1,400. ಮಧ್ಯಾಹ್ನ ಸರ್ವೀಸ್ ಅಡ್ವೈಸರ್ ಹುಡುಗ ಫೋನ್ ಮಾಡಿದ. "ಸಾರ್, ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ, ಬದಲಾಯಿಸ್ಲಾ? 4,300 ಆಗುತ್ತೆ." ಮಾಡಪ್ಪಾ ಅಂದೆ. ಅಲ್ಲಿಗೆ 12,900. ಸಂಜೆ ಹೋದರೆ ಬಿಲ್ ಎಷ್ಟು ಗೊತ್ತಾ? 24,400!

ಕೆಳಗೆ ನಾಲ್ಕು ಸಾಲು ಹೊಸದಾಗಿ ಸೇರಿತ್ತು. ಎಂಜಿನ್ ಫ್ಲಶ್ ಮತ್ತು ಇಂಜೆಕ್ಟರ್ ಕ್ಲೀನಿಂಗ್ 3,600. ಎಸಿ ಕ್ಲೀನಿಂಗ್ 1,500. ಅಂಡರ್‌ಬಾಡಿ ಕೋಟಿಂಗ್ 4,200. ಪಾಲಿಶ್ 2,200. ಒಟ್ಟು 11,500 ರೂಪಾಯಿ. ಯಾರೂ ಕೇಳಿಲ್ಲ, ನಾನೂ ಒಪ್ಪಿಲ್ಲ.

ಇಂಥ ಹೊತ್ತಲ್ಲಿ ಮನುಷ್ಯನ ಒಳಗೆ ಎರಡು ಧ್ವನಿ ಬರುತ್ತೆ. ಒಂದು, "ಕೂಗಾಡು, ಇವರು ಕಳ್ಳರು." ಇನ್ನೊಂದು ನಮ್ಮ ವಿಶ್ವಾಸಿಗಳಿಗೇ ಅಂತ ಇರೋ ಧ್ವನಿ, "ಬಿಡಪ್ಪಾ, ದೇವರ ಮಗು ಜಗಳ ಆಡಬಾರದು, ಕಟ್ಟಿ ಬಂದುಬಿಡು, ಕರ್ತನು ಕೊಡ್ತಾನೆ." ಎರಡನೆಯದು ತುಂಬ ಪವಿತ್ರವಾಗಿ ಕೇಳಿಸುತ್ತೆ. ಆದರೆ ಅದು ಯಾವಾಗಲೂ ನಂಬಿಕೆ ಅಲ್ಲ. ಕೆಲವು ಸಲ ಅದು ಬರೀ ಹೆದರಿಕೆ. ಕೌಂಟರ್ ಮುಂದೆ ನಿಂತು ಮಾತಾಡೋಕೆ ಆಗದೆ ಅದಕ್ಕೆ ಕ್ಷಮೆ ಅಂತ ಹೆಸರಿಡ್ತೀವಿ.

ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನನ್ನ ನೋಡಿ. ಫಿಲಿಪ್ಪಿಯಲ್ಲಿ ವಿಚಾರಣೆ ಇಲ್ಲದೆ ಹೊಡೆದು ಸೆರೆಗೆ ಹಾಕಿದರು. ಮಧ್ಯರಾತ್ರಿ ಹಾಡಿದ, ಭೂಕಂಪ ಆಯ್ತು, ಸೆರೆಯ ಅಧಿಕಾರಿ ರಕ್ಷಣೆ ಹೊಂದಿದ. ಬೆಳಗ್ಗೆ ಅಧಿಕಾರಿಗಳು ಸದ್ದಿಲ್ಲದೆ ಹೋಗು ಅಂತ ಹೇಳಿ ಕಳಿಸಿದಾಗ ಪೌಲನು ಹೋದನಾ? ಇಲ್ಲ. ನಾವು ರೋಮಿನ ಪೌರರು, ಅವರೇ ಬಂದು ನಮ್ಮನ್ನ ಹೊರಗೆ ಕರ್ಕೊಂಡು ಹೋಗಲಿ ಅಂದ. ರಾತ್ರಿ ಹಾಡಿದ ಬಾಯೇ ಬೆಳಗ್ಗೆ ನ್ಯಾಯ ಕೇಳ್ತು. ಎರಡೂ ಆತ್ಮಭರಿತವೇ. ಸ್ತೋತ್ರ!

ಹಾಗಾಗಿ ನಾನು ಹತ್ತು ನಿಮಿಷ ಅಲ್ಲಿನ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದೆ. ಆಮೇಲೆ ಎದ್ದು ಹೋಗಿ ಕನ್ನಡದಲ್ಲಿ ಮಾತಾಡಿದೆ. "ತಮ್ಮಾ, ಜಾಬ್ ಕಾರ್ಡ್ ತೋರಿಸ್ತೀಯಾ? ಹಳೆ ಬ್ರೇಕ್ ಪ್ಯಾಡ್ ಇದೆಯಾ?" ಪ್ಯಾಡ್ ತಂದು ತೋರಿಸಿದ. ಹಪ್ಪಳದಷ್ಟು ತೆಳ್ಳಗಾಗಿತ್ತು. ಮುಂದಿನ ವಾರ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗೋದಿತ್ತು. ಆ 4,300 ರೂಪಾಯಿ ನನ್ನ ಮನೆಯವರ ಜೀವದ ಬೆಲೆ. ಅದಕ್ಕೆ ಅವನಿಗೆ ಥ್ಯಾಂಕ್ಸ್ ಹೇಳಿದೆ, ಮನಸಾರೆ ಹೇಳಿದೆ. ಆಮೇಲೆ ಉಳಿದ ನಾಲ್ಕು ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ನಾನು ಒಪ್ಪಿಲ್ಲ, ಮ್ಯಾನೇಜರ್ ಹತ್ತಿರ ಮಾತಾಡೋಣ" ಅಂದೆ.

ಮ್ಯಾನೇಜರ್ ಬಂದರು. ಜಾಬ್ ಕಾರ್ಡಿನಲ್ಲಿ ನನ್ನ ಸಹಿಯ ಮೇಲೆ ಆ ನಾಲ್ಕು ಇರಲಿಲ್ಲ. ಫ್ಲಶ್, ಎಸಿ, ಪಾಲಿಶ್, ಮೂರೂ ತೆಗೆದರು. ಕೋಟಿಂಗ್‌ಗೆ ಸಾಮಾನು ನಿಜವಾಗಿ ಖರ್ಚಾಗಿದೆ ಅಂತ ಅರ್ಧಕ್ಕೆ ಇಳಿಸಿದರು, ನಾನೂ ಒಪ್ಪಿದೆ. ಕೊನೆಗೆ 15,000 ಕಟ್ಟಿದೆ. 9,400 ಉಳೀತು. ಚಪ್ಪಾಳೆ ಬೇಡ, ಕಥೆ ಮುಗಿದಿಲ್ಲ.

ಹೊರಡೋವಾಗ ಮ್ಯಾನೇಜರ್ ನಗ್ತಾ ಹೇಳಿದರು, "ಪರವಾಗಿಲ್ಲ ಸಾರ್, ಇದು ಆ ಹುಡುಗನ ಇನ್ಸೆಂಟಿವ್‌ನಲ್ಲಿ ಕಟ್ ಆಗುತ್ತೆ." ಆ ಹುಡುಗ ಅಲ್ಲೇ ನಿಂತಿದ್ದ. ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸು. ನಿಮ್ಮ ವಯಸ್ಸೇ. ಅವನ ಹಿಂದೆ ಗೋಡೆ ಮೇಲೆ ಒಂದು ಬೋರ್ಡ್ ಇತ್ತು, ಪ್ರತಿಯೊಬ್ಬ ಅಡ್ವೈಸರ್ ಹೆಸರು, ಪಕ್ಕದಲ್ಲಿ ತಿಂಗಳ ಟಾರ್ಗೆಟ್: ಇಷ್ಟು ಕೋಟಿಂಗ್, ಇಷ್ಟು ಪಾಲಿಶ್, ಇಷ್ಟು ಎಸಿ ಕ್ಲೀನಿಂಗ್. ನಾನು ಮ್ಯಾನೇಜರ್‌ಗೆ ಅಂದೆ, "ಸಾರ್, ಈ ಬೋರ್ಡ್ ಬರೆದವನು ಅವನಲ್ಲ. ಪೂರ್ತಿ ಹೊರೆ ಅವನ ತಲೆ ಮೇಲೆ ಹಾಕಬೇಡಿ." ಅವರು ನಕ್ಕರು, ಉತ್ತರ ಕೊಡಲಿಲ್ಲ.

ನನ್ನ ಹಣ ನನಗೆ ಸಿಕ್ತು, ಅದು ನ್ಯಾಯವೇ. ಆದರೆ ಆ ಹುಡುಗನ ಮುಖ ನನ್ನನ್ನ ಬಿಡಲಿಲ್ಲ. ಯಾಕಂದ್ರೆ ಒಂದು ಬಿಲ್ಲಿಗೆ ಎರಡು ಪಕ್ಕ ಇದೆ. ಕೌಂಟರಿನ ಈ ಕಡೆ ನಾನು, ಆ ಕಡೆ ಅವನು. ನಮ್ಮ ಸಭೆಯಲ್ಲಿ ಎರಡೂ ಕಡೆಯವರು ಕೂತಿದ್ದೀರಿ. ಇವತ್ತು ದೇವರ ವಾಕ್ಯ ಇಬ್ಬರಿಗೂ ಮಾತಾಡಬೇಕು.

ಮೊದಲು ಬಿಲ್ ಕಟ್ಟೋರಿಗೆ.

ಒಂದನೆಯದು, ಹೆದರಬೇಡಿ, ಮತ್ತು ಸೈತಾನನನ್ನ ಸುಮ್ಮನೆ ಎಳೀಬೇಡಿ. ನಮ್ಮ ಪೆಂತೆಕೊಸ್ತು ಸಭೆಗಳಲ್ಲಿ ಕಾರ್ ಬಂದಾಗ ಸಾಕ್ಷಿ ಹೇಳ್ತೀವಿ, ಒಳ್ಳೇದೇ. ಪಾಸ್ಟರ್ ಬಂದು ಕಾರಿಗೆ ಪ್ರಾರ್ಥನೆ ಮಾಡ್ತಾರೆ, ಫೋಟೋ ಸ್ಟೇಟಸ್‌ಗೆ ಹೋಗುತ್ತೆ. ಎರಡು ವರ್ಷ ಆದ್ಮೇಲೆ ದೊಡ್ಡ ಬಿಲ್ ಬಂದರೆ, "ಪಾಸ್ಟರ್, ಏನೋ ಶಾಪ ಇದೆಯಾ? ವೈರಿ ಹಣಕಾಸಿನ ಮೇಲೆ ಹೋರಾಡ್ತಿದ್ದಾನಾ?" ಪ್ರಿಯರೇ, ಬ್ರೇಕ್ ಪ್ಯಾಡ್ ಸವೆಯೋದು ಸೈತಾನನ ಕೆಲಸ ಅಲ್ಲ. ಸವೆಯೋದಕ್ಕೇ ಅದನ್ನ ಮಾಡಿರೋದು. ಅದು ಸವೆದು ನಿಮ್ಮನ್ನ ನಿಲ್ಲಿಸುತ್ತೆ. ಸೊಲೊಮೋನನು ಕಟ್ಟಿಸಿದ ದೇವಾಲಯಕ್ಕೇ ರಿಪೇರಿ ಬೇಕಾಯ್ತು! ಮಹಿಮೆಯ ಮೇಘ ಇಳಿದು ಬಂದಿದ್ದ ಆಲಯ ಅದು. ಅದಕ್ಕೇ ಕಲ್ಲು, ಮರ, ಕೂಲಿ ಬೇಕಾಯ್ತು ಅಂದ್ರೆ, ನಿಮ್ಮ ಹ್ಯಾಚ್‌ಬ್ಯಾಕ್‌ಗೆ ಕ್ಲಚ್ ಪ್ಲೇಟ್ ಬೇಕಾದ್ರೆ ಆಶ್ಚರ್ಯ ಏನಿದೆ?

ಎರಡನೆಯದು, ತೂತಿರೋ ಪೆಟ್ಟಿಗೆ ಇಡಿ. ಹದಿಮೂರನೆಯ ವಚನದಲ್ಲಿ ಒಂದು ಚಿಕ್ಕ ವಿಷಯ ಇದೆ, ಓದುವಾಗ ಜಾರಿ ಹೋಗ್ತೀವಿ. ಆ ಪೆಟ್ಟಿಗೆಯ ಹಣದಿಂದ ಬೆಳ್ಳಿಯ ಬಟ್ಟಲು, ತುತೂರಿ, ಇಂಥ ಯಾವುದನ್ನೂ ಮಾಡಿಸಲಿಲ್ಲ. ಬೆಳ್ಳಿ ಬಟ್ಟಲು ಕೆಟ್ಟದ್ದಾ? ಅಲ್ಲ, ಅದೂ ದೇವರ ಆಲಯಕ್ಕೇ. ಆದರೆ ರಿಪೇರಿ ಹಣ ಅಂದ್ರೆ ರಿಪೇರಿಗೆ ಮಾತ್ರ. ಇಪ್ಪತ್ತಮೂರು ವರ್ಷ ಆಗದೆ ಇದ್ದ ಕೆಲಸ ಆದದ್ದು ಹಣಕ್ಕೆ ಬೇರೆ ಪೆಟ್ಟಿಗೆ ಇಟ್ಟಾಗ.

ಕಾರ್ ಇದ್ದವರು ಒಂದು ಹಾಳೆ ತಗೊಂಡು ಬರೀರಿ. ವರ್ಷಕ್ಕೊಂದು ಸರ್ವೀಸ್, ವರ್ಷಕ್ಕೊಂದು ಇನ್ಶೂರೆನ್ಸ್, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿ, ನಾಲ್ಕು ಟೈರ್. ಇದ್ಯಾವುದೂ ಅನಿರೀಕ್ಷಿತ ಅಲ್ಲ, ತಾರೀಖು ಮಾತ್ರ ಗೊತ್ತಿಲ್ಲ. ಎಲ್ಲ ಕೂಡಿಸಿ ವರ್ಷಕ್ಕೆ 30,000 ಆಗುತ್ತೆ ಅಂತ ಇಟ್ಕೊಳ್ಳಿ, ತಿಂಗಳಿಗೆ 2,500. ಬೇರೆ ಅಕೌಂಟಿಗೆ ಹಾಕಿ. ಆ ಅಕೌಂಟಿನಿಂದ ಫೋನ್ ಇಲ್ಲ, ಗೋವಾ ಟ್ರಿಪ್ ಇಲ್ಲ, ಬೆಳ್ಳಿ ಬಟ್ಟಲೂ ಇಲ್ಲ. ಗೋಪುರ ಕಟ್ಟೋನು ಮೊದಲು ಕೂತು ಖರ್ಚು ಲೆಕ್ಕ ಹಾಕೋದಿಲ್ಲವೇ ಅಂತ ಯೇಸು ಸ್ವಾಮಿ ಲೂಕ 14ರಲ್ಲಿ ಕೇಳಿದ್ದು ಶಿಷ್ಯತ್ವದ ಬಗ್ಗೆ. ಆದರೆ ಕೇಳಿದವರೆಲ್ಲರಿಗೂ ಅರ್ಥ ಆಗಿದ್ದು ಯಾಕಂದ್ರೆ, ಬುದ್ಧಿ ಇರೋನು ಹಾಗೆ ಮಾಡ್ತಾನೆ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಪೆಟ್ಟಿಗೆ ಇಲ್ಲದೋರು ಏನು ಮಾಡ್ತಾರೆ? ಕ್ರೆಡಿಟ್ ಕಾರ್ಡ್ ಉಜ್ಜಿ, ತಿಂಗಳ ಕೊನೆಗೆ ಮಿನಿಮಮ್ ಡ್ಯೂ ಕಟ್ತಾರೆ. ತಿಂಗಳಿಗೆ 3 ಪರ್ಸೆಂಟ್ ಅಂದ್ರೆ ಕಡಿಮೆ ಅನಿಸುತ್ತೆ, ವರ್ಷಕ್ಕೆ ಅದು 36, ಬಡ್ಡಿ ಮೇಲೆ ಬಡ್ಡಿ ಸೇರಿದ್ರೆ ಇನ್ನೂ ಹೆಚ್ಚು. ಸಾಲ ಮಾಡಿದವನು ಕೊಟ್ಟವನಿಗೆ ಆಳಾಗ್ತಾನೆ ಅನ್ನೋ ಅರ್ಥದ ಮಾತು ಜ್ಞಾನೋಕ್ತಿ 22ರಲ್ಲಿದೆ. ಗ್ಯಾರೇಜ್ ಒಂದು ದಿನ ನಿಮ್ಮ ಕಾರ್ ಇಟ್ಕೊಳ್ಳುತ್ತೆ. ಕಾರ್ಡ್ ನಿಮ್ಮನ್ನೇ ವರ್ಷಗಟ್ಟಲೆ ಇಟ್ಕೊಳ್ಳುತ್ತೆ. ಹಣ ನಿಜವಾಗಿ ಇಲ್ಲದಿದ್ದರೆ ಮನೆಯಲ್ಲಿ ಹೇಳಿ, ನಿಮ್ಮ ಸೆಲ್ ಗ್ರೂಪ್ ಲೀಡರ್‌ಗೆ ಹೇಳಿ. ನಾಚಿಕೆಗೆ ಬಡ್ಡಿ ಕಟ್ಟಬೇಡಿ.

ಮೂರನೆಯದು, ಎಣಿಸಿ, ಆದರೆ ಮೃದುವಾಗಿ ಎಣಿಸಿ. ಲೆಕ್ಕ ನೋಡೋದು ಅಪನಂಬಿಕೆ ಅಲ್ಲ. ಇದೇ ಅಧ್ಯಾಯದಲ್ಲಿ ಇಬ್ಬರು ಕೂತು ಹಣ ಎಣಿಸಿದರು. ಕಾರ್ ಬಿಡೋವಾಗ ಎಸ್ಟಿಮೇಟ್ ಬರಹದಲ್ಲಿ ತಗೊಳ್ಳಿ. ಹೆಚ್ಚಿನ ಕೆಲಸ ಇದ್ದರೆ ಫೋನ್ ಮಾಡಿ ಕೇಳಬೇಕು ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ, ಮೆಸೇಜ್‌ನಲ್ಲೂ ಹಾಕಿ. ಬದಲಾಯಿಸಿದ ಹಳೆಯ ಭಾಗ ವಾಪಸ್ ಕೇಳಿ. ಕಾರ್ ಜೊತೆ ಬಂದ ಓನರ್ಸ್ ಮ್ಯಾನುಯಲ್ ಇದೆಯಲ್ಲ, ಡ್ಯಾಶ್‌ಬೋರ್ಡ್ ಒಳಗೆ ಪ್ಲಾಸ್ಟಿಕ್ ಸಮೇತ ಇರುತ್ತಲ್ಲ, ಅದನ್ನ ಓದಿ. ಎಷ್ಟು ಕಿಲೋಮೀಟರಿಗೆ ಏನು ಬದಲಾಯಿಸಬೇಕು ಅಂತ ಅದರಲ್ಲಿ ಪಟ್ಟಿ ಇದೆ.

ಒಪ್ಪದ ಕೆಲಸಕ್ಕೆ ಬಿಲ್ ಹಾಕಿ, ಮಾತಾಡಿದರೂ ಕೇಳದೇ ಹೋದ್ರೆ? 1872ರ ಭಾರತೀಯ ಕರಾರು ಕಾಯಿದೆಯ 170ನೇ ಕಲಮಿನ ಪ್ರಕಾರ, ವಸ್ತುವಿನ ಮೇಲೆ ಶ್ರಮ, ಕೌಶಲ ಹಾಕಿ ಕೆಲಸ ಮಾಡಿಕೊಟ್ಟವನಿಗೆ ತನ್ನ ಕೂಲಿ ಬರೋತನಕ ಆ ವಸ್ತು ಇಟ್ಕೊಳ್ಳೋ ಹಕ್ಕಿದೆ. ಹಾಗಾಗಿ ಕೀ ಕಿತ್ಕೊಂಡು ಓಡಿಸ್ಕೊಂಡು ಬರೋ ಸಾಹಸ ಬೇಡ. ಆಕ್ಷೇಪಣೆಯನ್ನ ಬರಹದಲ್ಲಿ ಕೊಡಿ, ಪ್ರತಿ ಇಟ್ಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ, ಜಿಲ್ಲಾ ಆಯೋಗ ಇದೆ. ಪೌಲನು ತನ್ನ ಪೌರತ್ವ ಉಪಯೋಗಿಸಿದ, ನೀವೂ ಉಪಯೋಗಿಸಿ.

ಆದರೆ ಒಂದು ಎಚ್ಚರಿಕೆ. ಒಪ್ಪದ ಕೆಲಸದ ಬಗ್ಗೆ ಮಾತಾಡೋದು ಬೇರೆ, ಮಾಡಿದ ಕೆಲಸದ ಕೂಲಿ ಕತ್ತರಿಸೋದು ಬೇರೆ. ಮಾಲ್‌ನಲ್ಲಿ ಕಾಫಿಗೆ 300 ಕೊಡ್ತೀವಿ, ಮಾತಿಲ್ಲ. ಕಾರಿನ ಕೆಳಗೆ ಎರಡು ಗಂಟೆ ಮಲಗಿ ಗ್ರೀಸ್ ಮೈಗೆ ಬಳ್ಕೊಂಡ ಮೆಕ್ಯಾನಿಕ್ ಅಣ್ಣ 500 ಕೇಳಿದ್ರೆ, "300 ತಗೊಳ್ಳಣ್ಣ" ಅಂತೀವಿ. ಕೂಲಿಯವನ ಕೂಲಿಯನ್ನ ಸೂರ್ಯ ಮುಳುಗೋ ಮುಂಚೆ ಕೊಡಬೇಕು ಅಂತ ಧರ್ಮೋಪದೇಶಕಾಂಡ 24ರಲ್ಲಿದೆ. ತಡೆದಿಟ್ಟ ಕೂಲಿಯ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟುತ್ತೆ ಅಂತ ಯಾಕೋಬನು ಐದನೇ ಅಧ್ಯಾಯದಲ್ಲಿ ಬರೀತಾನೆ. ನಮ್ಮ ಆರಾಧನೆಯ ಹಾಡೂ ಆ ಕೂಗೂ ಒಂದೇ ಕಿವಿಗೆ ಹೋಗುತ್ತೆ, ನೆನಪಿಡಿ.

ಈಗ ಸ್ವಲ್ಪ ಕಷ್ಟದ ಮಾತು. ಧರ್ಮೋಪದೇಶಕಾಂಡ 25ರಲ್ಲಿ ದೇವರು ಒಂದು ಚೀಲದ ಬಗ್ಗೆ ಮಾತಾಡ್ತಾನೆ. ಚೀಲದಲ್ಲಿ ಎರಡು ತೂಕದ ಕಲ್ಲು ಇಟ್ಕೊಳ್ಳಬೇಡ, ಒಂದು ದೊಡ್ಡದು ಒಂದು ಚಿಕ್ಕದು. ಆ ಕಾಲದ ವ್ಯಾಪಾರಿ ಕೊಳ್ಳೋವಾಗ ದೊಡ್ಡ ಕಲ್ಲು ಹಾಕ್ತಿದ್ದ, ಮಾರೋವಾಗ ಚಿಕ್ಕ ಕಲ್ಲು. ಚೀಲ ಒಂದೇ, ಮನುಷ್ಯ ಒಬ್ಬನೇ.

ಗ್ಯಾರೇಜಿನವರು ಸುಳ್ಳು ಬಿಲ್ ಕೊಟ್ಟರು ಅಂತ ಕುದೀತೀವಿ. ಅದೇ ವಾರ ಆಫೀಸ್‌ನಲ್ಲಿ ಕಾರ್ ಮೇಂಟೆನೆನ್ಸ್ ರಿಇಂಬರ್ಸ್‌ಮೆಂಟ್ ಕ್ಲೇಮ್ ಹಾಕೋ ಕಡೇ ದಿನ. ಆಗ ಗೊತ್ತಿರೋ ಗ್ಯಾರೇಜಿಗೆ ಫೋನ್: "ಅಣ್ಣ, 20,000ಕ್ಕೆ ಒಂದು ಬಿಲ್ ಮಾಡ್ಕೊಡು, ಕೆಲಸ ಏನೂ ಬೇಡ." ಪ್ರಿಯ ಸಹೋದರ, ಸಹೋದರಿ, ಯಾರನ್ನ ನೀವು ಕಳ್ಳ ಅಂತ ಬೈದಿದ್ದಿರೋ ಅವನ ಕೈಯಲ್ಲೇ ಸುಳ್ಳು ಬರೆಸ್ತಿದ್ದೀರಿ! ಅಥವಾ ಬಿಲ್ ಬೇಡ, ಜಿಎಸ್‌ಟಿ 18 ಪರ್ಸೆಂಟ್ ಉಳಿಸಿ, ಕ್ಯಾಶ್ ಕೊಡ್ತೀನಿ. ತೆರಿಗೆ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಬೇಕು ಅಂತ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಹೇಳುತ್ತೆ. ಅಲ್ಲೂ ಎರಡು ಕಲ್ಲು. ನನಗೆ ಬರೋ ಬಿಲ್‌ಗೆ ಒಂದು ಕಲ್ಲು, ನಾನು ಕೊಡೋ ಬಿಲ್‌ಗೆ ಇನ್ನೊಂದು. ಈಗ ಆಮೆನ್ ಸದ್ದು ಕಡಿಮೆ ಆಯ್ತು. ಪರವಾಗಿಲ್ಲ, ವಾಕ್ಯ ಕೆಲಸ ಮಾಡ್ಲಿ.

ಇನ್ನು ಕೌಂಟರಿನ ಆ ಕಡೆ ಇರೋರಿಗೆ.

ಆ ಬಿಲ್ಲಿನ ಘಟನೆ ಆಗಿ ಎರಡು ವಾರಕ್ಕೆ ನಮ್ಮದೇ ಸಭೆಯ ಒಬ್ಬ ತಮ್ಮ ನನ್ನನ್ನ ನೋಡೋಕೆ ಬಂದ. ಹೇಳೋಕೆ ಅನುಮತಿ ಕೊಟ್ಟಿದ್ದಾನೆ, ಹೆಸರು ಹೇಳೋದಿಲ್ಲ. ಅವನೂ ಸರ್ವೀಸ್ ಅಡ್ವೈಸರ್, ಬೇರೆ ಗ್ಯಾರೇಜಿನಲ್ಲಿ. ಊರು ಬಿಟ್ಟು ಬೆಂಗಳೂರಿಗೆ ಬಂದವನು. ರೂಮ್ ಬಾಡಿಗೆ, ತಂಗಿಯ ಕಾಲೇಜ್ ಫೀಸ್ ಅವನದೇ. "ಪಾಸ್ಟರ್, ಬೇಡದ ಕೋಟಿಂಗ್ ಮಾರಿದ್ರೆ ಟಾರ್ಗೆಟ್ ಆಗುತ್ತೆ. ಮಾರದಿದ್ರೆ ಇನ್ಸೆಂಟಿವ್ ಇಲ್ಲ. ಭಾನುವಾರ ಇಲ್ಲಿ ಕೈ ಎತ್ತಿ ಆರಾಧನೆ ಮಾಡ್ತೀನಿ, ಸೋಮವಾರ ಅದೇ ಕೈಯಿಂದ ಸುಳ್ಳು ಎಂಟ್ರಿ ಹಾಕ್ತೀನಿ. ಕೆಲಸ ಬಿಟ್ಟುಬಿಡ್ಲಾ?" ಅಂತ ಅತ್ತ.

ನಾನು ಅವನ ಜೊತೆ ಲೂಕ 3 ಓದಿದೆ. ಸ್ನಾನಿಕನಾದ ಯೋಹಾನನ ಹತ್ತಿರ ಸುಂಕದವರು ಬಂದು ನಾವೇನು ಮಾಡಬೇಕು ಅಂತ ಕೇಳ್ತಾರೆ. ಸುಂಕದ ಕಟ್ಟೆ ಬಿಟ್ಟು ಅಡವಿಗೆ ಬಾ ಅಂತ ಯೋಹಾನನು ಹೇಳಲಿಲ್ಲ. ನೇಮಕವಾದದ್ದಕ್ಕಿಂತ ಹೆಚ್ಚು ತಗೋಬೇಡಿ ಅಂದ. ಸಿಪಾಯಿಗಳು ಕೇಳಿದಾಗ, ಬೆದರಿಸಿ ಕಿತ್ಕೋಬೇಡಿ, ಸುಳ್ಳು ಹೊರಿಸಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಅನ್ನೋ ಅರ್ಥದಲ್ಲಿ ಹೇಳಿದ. ಪಶ್ಚಾತ್ತಾಪದ ಫಲ ಕೊಡಿ ಅಂತ ಗರ್ಜಿಸಿದ ಪ್ರವಾದಿ, ಆ ಫಲ ಏನು ಅಂತ ಕೇಳಿದಾಗ ಬಿಲ್ ಸರಿಯಾಗಿ ಹಾಕೋದನ್ನ ತೋರಿಸ್ತಾನೆ. ಮುಂದಿನ ವಚನಗಳಲ್ಲೇ ಯೋಹಾನನು ಪವಿತ್ರಾತ್ಮನಲ್ಲಿಯೂ ಬೆಂಕಿಯಲ್ಲಿಯೂ ದೀಕ್ಷಾಸ್ನಾನ ಮಾಡಿಸುವಾತನ ಬಗ್ಗೆ ಮಾತಾಡೋದು. ನಮಗೆ ಬೆಂಕಿ ಬೇಕು, ಹೌದಾ? ಬೆಂಕಿಯ ಮಾತು ಬರೋ ಮುಂಚೆ ಬಿಲ್ ಬುಕ್‌ನ ಮಾತು ಬಂತು.

ಆ ತಮ್ಮ ಒಂದು ತೀರ್ಮಾನ ಮಾಡಿದ. ಪ್ರತಿ ಗ್ರಾಹಕರಿಗೂ ಫೋನ್ ಮಾಡಿ ಮೂರು ಭಾಗವಾಗಿ ಹೇಳ್ತಾನೆ: ಇದು ಈಗಲೇ ಆಗಬೇಕು, ಇದು ಮುಂದಿನ ಸರ್ವೀಸ್‌ವರೆಗೆ ತಡೆಯುತ್ತೆ, ಇದು ನಿಮ್ಮ ಇಷ್ಟ, ಮಾಡದಿದ್ದರೂ ಕಾರಿಗೇನೂ ಆಗಲ್ಲ. ಅಷ್ಟೇ. ಇಷ್ಟಪಟ್ಟು ಮಾಡಿಸೋರಿಗೆ ಮಾಡಿಸ್ತಾನೆ, ಮರೆಮಾಚಿ ಸೇರಿಸೋದಿಲ್ಲ.

ಈಗ ನೀವೆಲ್ಲ ಕಾಯ್ತಿದ್ದೀರಿ, ಗೊತ್ತು. ಆಮೇಲೆ ದೇವರು ಅವನಿಗೆ ಪ್ರಮೋಷನ್ ಕೊಟ್ಟ, ಸಂಬಳ ಡಬಲ್ ಆಯ್ತು ಅಂತ ನಾನು ಹೇಳಬೇಕು, ನೀವು ಹಲ್ಲೆಲೂಯಾ ಅನ್ನಬೇಕು. ಹಾಗೆ ಹೇಳೋಕೆ ನನಗೂ ಆಸೆ. ಆದರೆ ಇವತ್ತಿನವರೆಗೆ ಆಗಿಲ್ಲ. ಈ ತಿಂಗಳು ಅವನ ಇನ್ಸೆಂಟಿವ್ ಕಡಿಮೆ ಬಂತು. ತಂಗಿಯ ಫೀಸಿಗೆ ಕಷ್ಟ ಆಯ್ತು. ಪ್ರಾಮಾಣಿಕತೆಗೂ ಒಂದು ಬಿಲ್ ಬರುತ್ತೆ ಪ್ರಿಯರೇ, ಅದನ್ನ ನಿಮ್ಮಿಂದ ಮುಚ್ಚಿಟ್ಟು ನಾನು ಎಸ್ಟಿಮೇಟ್ ಕಡಿಮೆ ಹೇಳೋದಿಲ್ಲ. ಹಾಗೆ ಹೇಳಿದ್ರೆ ನಾನೂ ಆ ಗ್ಯಾರೇಜಿನ ಹಾಗೇ ಆಗ್ತೀನಿ.

ಆದ್ದರಿಂದ ಸಭೆಗೆ ಒಂದು ಮಾತು. ಆ ತಮ್ಮನಿಗೆ "ಕರ್ತನು ನೋಡ್ಕೊಳ್ತಾನೆ ಬ್ರದರ್" ಅಂತ ಭುಜ ತಟ್ಟಿ ಹೋಗಬೇಡಿ. ಕರ್ತನು ನೋಡ್ಕೊಳ್ಳೋದು ಬಹಳ ಸಲ ನಿಮ್ಮ ಕೈಯಿಂದಲೇ. ಮೂರು ಕುಟುಂಬ ಸೇರಿ ಆ ಹುಡುಗಿಯ ಈ ಸೆಮಿಸ್ಟರ್ ಫೀಸಿನಲ್ಲಿ ಕಡಿಮೆ ಬಿದ್ದದ್ದನ್ನ ಕಟ್ಟಿದ್ದಾರೆ. ಸತ್ಯ ಹೇಳೋನಿಗೆ ನಷ್ಟ ಆದಾಗ ಆ ನಷ್ಟದಲ್ಲಿ ಪಾಲು ತಗೊಳ್ಳೋದೂ ಐಕ್ಯತೆಯೇ.

ಮತ್ತೆ ಹದಿನೈದನೆಯ ವಚನಕ್ಕೆ ಬನ್ನಿ. ಲೆಕ್ಕ ಕೇಳಬೇಕಾಗದಷ್ಟು ನಂಬಿಗಸ್ತರಾಗಿದ್ದ ಆ ಮೇಸ್ತ್ರಿಗಳ ಹೆಸರೇನು? ಬರೆದಿಲ್ಲ. ಅರಸನ ಹೆಸರಿದೆ, ಯಾಜಕನ ಹೆಸರಿದೆ. ಆದರೆ ಆ ಅರಸನ ಕೊನೆ ಗೊತ್ತಾ? ಎರಡನೆಯ ಪೂರ್ವಕಾಲವೃತ್ತಾಂತ 24 ಓದಿ. ಯೆಹೋಯಾದನು ಸತ್ತ ಮೇಲೆ, ಅವನ ಮಗ ಜೆಕರ್ಯನನ್ನ ಅದೇ ಅರಸನ ಅಪ್ಪಣೆಯಂತೆ ಕಲ್ಲೆಸೆದು ಕೊಂದರು. ಎಲ್ಲಿ? ದೇವಾಲಯದ ಅಂಗಳದಲ್ಲೇ. ಪೆಟ್ಟಿಗೆ ಇಡಿಸಿದ ಆಲಯ, ರಿಪೇರಿ ಮಾಡಿಸಿದ ಆಲಯ! ಹೆಸರಿದ್ದವನು ತಪ್ಪಿ ಬಿದ್ದ. ಹೆಸರಿಲ್ಲದವರ ನಂಬಿಗಸ್ತಿಕೆ ಇವತ್ತಿಗೂ ಓದ್ತಾ ಇದ್ದೀವಿ. ಸ್ಟೇಜ್ ಮೇಲೆ ಇಲ್ಲ, ಮೈಕ್ ಇಲ್ಲ ಅಂತ ಬೇಜಾರಾಗೋ ಯೌವನಸ್ಥರೇ, ನಿಮ್ಮ ಎಕ್ಸೆಲ್ ಶೀಟ್, ನಿಮ್ಮ ಜಾಬ್ ಕಾರ್ಡ್, ನಿಮ್ಮ ಕ್ಲೇಮ್ ಫಾರ್ಮ್, ಅದೂ ದೇವರ ಆಲಯದ ಕೆಲಸವೇ.

ಕೊನೆಯದಾಗಿ ಸುವಾರ್ತೆ. ಕೊಲೊಸ್ಸೆಯವರಿಗೆ ಬರೆದ ಪತ್ರ, ಎರಡನೇ ಅಧ್ಯಾಯ, ಹದಿನಾಲ್ಕನೆಯ ವಚನ. ನಮಗೆ ವಿರೋಧವಾಗಿದ್ದ ಸಾಲಪತ್ರವನ್ನ ದೇವರು ಅಳಿಸಿ, ಶಿಲುಬೆಗೆ ಜಡಿದು ತೆಗೆದುಹಾಕಿದ ಅಂತ ಪೌಲನು ಬರೀತಾನೆ. ಗ್ಯಾರೇಜಿನ ಬಿಲ್‌ನಲ್ಲಿ ನಾನು ಒಪ್ಪದ ಸಾಲುಗಳಿದ್ದವು, ಬೆರಳಿಟ್ಟು ತೋರಿಸೋಕೆ ಆಯ್ತು. ಈ ಬಿಲ್‌ನಲ್ಲಿ ಹಾಗೆ ತೋರಿಸೋಕೆ ಒಂದು ಸಾಲೂ ಇಲ್ಲ. ಎಲ್ಲದರ ಕೆಳಗೂ ನಮ್ಮದೇ ಸಹಿ. ಅದಕ್ಕೆ ದೇವರು ಡಿಸ್ಕೌಂಟ್ ಕೊಡಲಿಲ್ಲ, ಅರ್ಧಕ್ಕೆ ಇಳಿಸಲಿಲ್ಲ, ಯಾವುದೋ ಬಡಪಾಯಿಯ ಸಂಬಳದಲ್ಲೂ ಕಟ್ ಮಾಡಲಿಲ್ಲ. ತನ್ನ ಮಗನ ರಕ್ತದಿಂದ ಪೂರ್ತಿ ಕಟ್ಟಿದ. ಹಲ್ಲೆಲೂಯಾ! ಇಷ್ಟು ದೊಡ್ಡ ಲೆಕ್ಕ ಹೀಗೆ ತೀರಿದ ಮೇಲೆ, ಚಿಕ್ಕ ಲೆಕ್ಕಗಳಲ್ಲಿ ಸುಳ್ಳು ಬರೆಯೋ ಅವಶ್ಯಕತೆ ನಮಗೇನಿದೆ?

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಸಂಗೀತ ತಂಡ ಮೆಲ್ಲಗೆ ನುಡಿಸಲಿ.

ಬಿಲ್ ನೋಡಿ ನಿದ್ದೆ ಕೆಟ್ಟವರು ಇಲ್ಲಿದ್ದೀರಿ, ಮನೆಯಲ್ಲೂ ಹೇಳಿಲ್ಲ. ಎರಡು ಕಲ್ಲು ಚೀಲದಲ್ಲಿ ಇಟ್ಕೊಂಡು ಬಂದವರು ಇದ್ದೀರಿ. ನಾಳೆ ಸೋಮವಾರ, ಟಾರ್ಗೆಟ್ ಬೋರ್ಡ್ ಮುಂದೆ ನಿಲ್ಲಬೇಕಾದವರೂ ಇದ್ದೀರಿ. ನೀವಿರುವಲ್ಲಿಯೇ ಕೈ ಎತ್ತಿ, ಮುಂದೆ ಬರಬೇಕು ಅನಿಸಿದ್ರೆ ಬನ್ನಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ನಮ್ಮ ಪೆಟ್ಟಿಗೆಗಳನ್ನೂ ನಮ್ಮ ಚೀಲಗಳನ್ನೂ ನೀನು ನೋಡುವಾತನು. ಕೊರತೆಯಲ್ಲಿರುವವರಿಗೆ ಒದಗಿಸು, ಹೆದರಿದವರಿಗೆ ಬಾಯಿ ಕೊಡು, ಕೋಪಗೊಂಡವರಿಗೆ ಮೃದುವಾದ ನಾಲಿಗೆ ಕೊಡು. ಬೇಡದ ಕಲ್ಲನ್ನು ಇವತ್ತೇ ಎಸೆದುಬಿಡುವ ಧೈರ್ಯ ಕೊಡು. ನಷ್ಟವಾದರೂ ಸತ್ಯ ಬರೆಯುವ ಈ ನಿನ್ನ ಮಕ್ಕಳನ್ನು ಬಲಪಡಿಸು, ಅವರ ಪಕ್ಕದಲ್ಲಿ ನಿಲ್ಲುವ ಸಭೆಯಾಗಿ ನಮ್ಮನ್ನು ಮಾಡು. ನಾನು ನೋಡಿದ ಆ ಗ್ಯಾರೇಜಿನ ಹುಡುಗನನ್ನೂ ನೆನಪಿಸಿಕೋ ತಂದೆಯೇ, ಅವನ ಹೆಸರು ನಿನಗೆ ಗೊತ್ತು. ಪವಿತ್ರಾತ್ಮನೇ, ನಮ್ಮ ನಗರದ ಅಂಗಡಿ, ಆಫೀಸ್, ಗ್ಯಾರೇಜುಗಳಲ್ಲಿ ಲೆಕ್ಕ ಕೇಳಬೇಕಾಗದ ಒಂದು ಜನಾಂಗವನ್ನು ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.